ಡ್ರಾಯಿಂಗ್ ಎಲ್ಲಿದೆ ಸಾರ್? ಸಣ್ಣ ಕಾರ್ಖಾನೆಗೆ ಫೋಲ್ಡರ್, ವಿಕಿ, ಇಆರ್‌ಪಿ: ಯಾವುದು ಸರಿಹೋಗುತ್ತದೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್. ಎರಡು ಶಿಫ್ಟ್ ಸೇರಿ ಮೂವತ್ತೆಂಟು ಜನ. ಗಾಡಿಗಳಿಗೆ ಹಾಕುವ ಬಿಡಿಭಾಗ ಮಾಡಿಕೊಡುತ್ತೇವೆ. ಕ್ವಾಲಿಟಿ ನನ್ನ ಕೆಲಸ. ಕಾಗದ ಪತ್ರ, ಆಡಿಟ್, ಬೈಗುಳ ಎಲ್ಲವೂ ಅದರ ಜೊತೆಗೇ ಬರುತ್ತವೆ.

ಎರಡು ವರ್ಷದ ಹಿಂದೆ ಒಂದು ಸೋಮವಾರ ಗ್ರಾಹಕ ಕಂಪನಿಯೊಂದರಿಂದ ಮೇಲ್ ಬಂತು. 25 ಮಿ.ಮೀ. ಬೋರ್ (ರಂಧ್ರ), ಅದರ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಬಿಡುವ ಸಡಿಲಿಕೆ, ಮೊದಲು ಎಚ್8 ಇದ್ದದ್ದು ಈಗ ಎಚ್7. ಅಂದರೆ ಮೊದಲು 25.033ರವರೆಗೆ ಹೋಗಬಹುದಿತ್ತು, ಇನ್ನು ಮೇಲೆ 25.021 ದಾಟುವಂತಿಲ್ಲ. ಹನ್ನೆರಡು ಮೈಕ್ರಾನ್ ವ್ಯತ್ಯಾಸ. ಹೊಸ ಡ್ರಾಯಿಂಗನ್ನು ಫೋಲ್ಡರಿಗೆ ಹಾಕಿದೆ, ಹೆಸರಿನ ಕೊನೆಯಲ್ಲಿ ‘ರೆವ್ ಸಿ’ (ರಿವಿಷನ್ ಸಿ) ಅಂತ ಬರೆದೆ, ಸೂಪರ್‌ವೈಸರ್‌ಗೆ ಹೇಳಿದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ 25.026, 25.028, ಮತ್ತೆ 25.026. ಮೂರನೇ ನಂಬರ್ ವಿಎಂಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಯಂತ್ರ) ಹತ್ತಿರ ಓಡಿದೆ. ಮೆಷಿನ್ ಬಾಗಿಲಿಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಎಣ್ಣೆ ಕುಡಿದು ಹಳದಿಯಾದ ರೆವ್ ಬಿ ಇನ್ನೂ ಹಾಗೇ ಇತ್ತು. ಗೇಜ್ ಡಬ್ಬಿಯಲ್ಲಿ ಎಚ್8 ಪ್ಲಗ್ ಗೇಜ್: ಅದರ ‘ಗೋ’ ತುದಿ ಬೋರಿನೊಳಗೆ ಹೋಗಬೇಕು, ‘ನೋ-ಗೋ’ ತುದಿ ಹೋಗಬಾರದು. ಆಪರೇಟರ್ ಹುಡುಗ ಪಾಂಡವಪುರದವನು, ಕೆಲಸದಲ್ಲಿ ಚೊಕ್ಕ. ‘ಸಾರ್, ನಾನು ಪ್ರತಿ ಪೀಸೂ ಚೆಕ್ ಮಾಡಿದ್ದೀನಿ, ನೋ-ಗೋ ಒಳಗೆ ಹೋಗ್ತಾನೇ ಇಲ್ಲ’ ಅಂದ. ಅವನು ಹೇಳಿದ್ದು ಪೂರ್ತಿ ನಿಜ. ಡ್ರಾಯಿಂಗೂ ಹಳೆಯದು, ಗೇಜೂ ಹಳೆಯದು, ಎರಡೂ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿದ್ದವು! ಬೋರ್ ಚಿಕ್ಕದಾಗಿದ್ದರೆ ರೀವರ್ಕ್ ಮಾಡಬಹುದು. ದೊಡ್ಡದಾದರೆ ಮುಗಿಯಿತು, ಗುಜರಿಯೇ ಗತಿ.

ಆಮೇಲೆ ನಾಲ್ಕು ತಿಂಗಳು ಬೇರೆ ಬೇರೆ ವ್ಯವಸ್ಥೆಗಳನ್ನು ನೋಡಿದೆ, ಕೆಲವನ್ನು ಹಾಕಿ ನೋಡಿ ತೆಗೆದೆ. ನಮ್ಮ ಅಳತೆಯ ಶಾಪ್ ನಡೆಸುವವರಿಗೆ, ಅಂದರೆ ಹೂಟಗಳ್ಳಿ, ಮೇಟಗಳ್ಳಿ, ಮಂಡ್ಯದ ತೂಬಿನಕೆರೆ ಕಡೆಯ ಇಪ್ಪತ್ತರಿಂದ ನೂರು ಜನರ ಕಾರ್ಖಾನೆಗಳಿಗೆ, ಇದು ಉಪಯೋಗಕ್ಕೆ ಬರಬಹುದು.

ಮೊದಲು ರೋಗ ಯಾವುದು ಅಂತ ನೋಡೋಣ

ನಮ್ಮಲ್ಲಿ ಮಾಹಿತಿಗೆ ಕೊರತೆ ಇರಲಿಲ್ಲ. ಡ್ರಾಯಿಂಗ್ ಇತ್ತು, ಪ್ರೋಸೆಸ್ ಶೀಟ್ ಇತ್ತು, ಮೆಷಿನ್ ನಡೆಸುವ ಸಿಎನ್‌ಸಿ ಪ್ರೋಗ್ರಾಂ ಇತ್ತು, ಟೂಲ್ ಲಿಸ್ಟ್, ಗೇಜ್ ಪಟ್ಟಿ, ಇನ್‌ಸ್ಪೆಕ್ಷನ್ ರಿಪೋರ್ಟ್ ಎಲ್ಲವೂ ಇದ್ದವು. ಒಂದಕ್ಕೆ ಇನ್ನೊಂದರ ಪರಿಚಯ ಇರಲಿಲ್ಲ, ಅಷ್ಟೇ. ಡ್ರಾಯಿಂಗ್ ಬದಲಾದಾಗ ‘ಅಯ್ಯೋ, ಹಾಗಾದರೆ ಗೇಜೂ ಬದಲಾಗಬೇಕಲ್ಲ’ ಅಂತ ನೆನಪು ಮಾಡುವ ಎಳೆ ಎಲ್ಲೂ ಇರಲಿಲ್ಲ. ಆ ಎಳೆ ನನ್ನ ತಲೆಯಲ್ಲಿ ಮಾತ್ರ ಇತ್ತು. ಸೋಮವಾರ ನನ್ನ ತಲೆ ಬೇರೆ ಕಡೆ ಇತ್ತು.

ಬರಹ, ಚಿತ್ರ, ವಿಡಿಯೋ, ಲೆಕ್ಕದ ಹಾಳೆ, ಇವನ್ನೆಲ್ಲ ಲಿಂಕುಗಳಿಂದ ಹೆಣೆದು ಒಂದರಿಂದ ಇನ್ನೊಂದಕ್ಕೆ ಹಾರುವಂತೆ ಮಾಡುವುದಕ್ಕೆ ಹೈಪರ್‌ಮೀಡಿಯಾ ಅನ್ನುತ್ತಾರೆ. ಟೆಡ್ ನೆಲ್ಸನ್ ಆ ಪದ ಕಟ್ಟಿದ್ದು 1965ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1945ರಲ್ಲಿ, ವ್ಯಾನೆವರ್ ಬುಷ್ ಎಂಬ ಅಮೆರಿಕದ ಎಂಜಿನಿಯರ್ ಇಂಥದ್ದೇ ಒಂದು ಮೇಜಿನ ಕಲ್ಪನೆ ಬರೆದಿದ್ದರು. ಮೈಕ್ರೋಫಿಲ್ಮಿನಲ್ಲಿ ಕಾಗದಗಳು, ಓದುವವನೇ ಅವುಗಳ ನಡುವೆ ಹಾದಿ ಹಾಕಿಟ್ಟುಕೊಳ್ಳುವುದು. ಇವತ್ತಿನ ವೆಬ್ ಅದರ ಮೊಮ್ಮಗ. ಆದರೆ ವೆಬ್ಬಿನಲ್ಲಿ ಒಂದು ಕೊರತೆ ಉಳಿಯಿತು. ಅಲ್ಲಿ ಲಿಂಕಿಗೆ ಒಂದೇ ದಿಕ್ಕು. ನಾನು ನಿಮ್ಮ ಪುಟಕ್ಕೆ ಲಿಂಕ್ ಕೊಟ್ಟಿದ್ದೇನೆ ಅನ್ನುವುದು ನಿಮ್ಮ ಪುಟಕ್ಕೆ ಗೊತ್ತಾಗುವುದಿಲ್ಲ. ನೆಲ್ಸನ್ ಇದನ್ನೇ ಮತ್ತೆ ಮತ್ತೆ ಆಕ್ಷೇಪಿಸಿದ್ದಾರೆ. ಕಾರ್ಖಾನೆಯಲ್ಲಿ ಕೂತವನಿಗೆ ಆ ಆಕ್ಷೇಪ ಚೆನ್ನಾಗಿ ಅರ್ಥವಾಗುತ್ತದೆ.

ಯಾಕೆಂದರೆ ನಮಗೆ ಜಾಸ್ತಿ ಬೇಕಾಗುವುದು ಹಿಂದಕ್ಕೆ ಹೋಗುವ ಲಿಂಕ್. ಒಂದು ಮೈಕ್ರೋಮೀಟರ್ ಕ್ಯಾಲಿಬ್ರೇಷನ್‌ನಿಂದ ವಾಪಸ್ ಬಂತು, ಎಂಟು ಮೈಕ್ರಾನ್ ತಪ್ಪು ತೋರಿಸುತ್ತಿತ್ತು ಅಂತ ವರದಿ. ಈಗ ಪ್ರಶ್ನೆ: ಅದರಿಂದ ಯಾವ ಯಾವ ಪಾರ್ಟ್ ಅಳೆದಿದ್ದೇವೆ? ಯಾವ ಲಾಟ್ ಹೊರಗೆ ಹೋಗಿದೆ? ಹಿಂದೆ ಅಳೆದದ್ದೆಲ್ಲ ಸರಿಯಿತ್ತೇ ಅಂತ ನೋಡಲೇಬೇಕು ಎಂದು ಗುಣಮಟ್ಟದ ಮಾನದಂಡ ಐಎಸ್‌ಒ 9001:2015 ಕೂಡ ಹೇಳುತ್ತದೆ. ಆಡಿಟರ್ ಕೇಳುವ ಪ್ರಶ್ನೆಯೂ ಅದೇ. ಫೈಲುಗಳ ರಾಶಿಯಲ್ಲಿ ಇದಕ್ಕೆ ಉತ್ತರ ಹುಡುಕಲು ನಮಗೆ ಒಮ್ಮೆ ಒಂದೂವರೆ ದಿನ ಹಿಡಿದಿತ್ತು.

ಹಾಗಾಗಿ ಯಾವ ವ್ಯವಸ್ಥೆ ನೋಡಿದರೂ ನಾನು ಮೂರು ಪ್ರಶ್ನೆ ಹಾಕಿದೆ. ಮೆಷಿನ್ ಮುಂದೆ ನಿಂತವನು ಈಗಿನ ಡ್ರಾಯಿಂಗ್ ತಲುಪಲು ಎಷ್ಟು ಸಲ ಬೆರಳು ಒತ್ತಬೇಕು? ಒಂದು ವಸ್ತು ತೋರಿಸಿ ‘ಇದನ್ನು ನಂಬಿಕೊಂಡವರು ಯಾರು’ ಅಂತ ಕೇಳಿದರೆ ಉತ್ತರ ಬರುತ್ತದೆಯೇ? ನಾನು ರಜೆ ಹಾಕಿದರೆ ಬೇರೆಯವರು ಅದನ್ನು ತಿದ್ದಬಲ್ಲರೇ?

ಕಾಗದ, ಮತ್ತು ವಾಟ್ಸಾಪ್

ಕಾಗದವನ್ನು ಕೀಳಾಗಿ ನೋಡಬೇಡಿ. ಕರೆಂಟ್ ಹೋದರೂ ಓದಬಹುದು, ಎಣ್ಣೆ ಕೈಯಲ್ಲಿ ಹಿಡಿಯಬಹುದು, ಪೆನ್ನಿನಲ್ಲಿ ಗುರುತು ಹಾಕಬಹುದು. ಹತ್ತು ಹದಿನೈದು ಪಾರ್ಟ್ ಮಾತ್ರ ಇದ್ದು, ಡ್ರಾಯಿಂಗ್ ವರ್ಷಕ್ಕೊಮ್ಮೆ ಬದಲಾಗುವುದಾದರೆ ಕಾಗದವೇ ಸಾಕು. ಪ್ರತಿ ಪ್ರತಿಯ ಮೇಲೂ ನಂಬರ್ ಹಾಕಿ, ಹೊಸದು ಕೊಡುವಾಗ ಹಳೆಯದನ್ನು ಕೈಗೆ ವಾಪಸ್ ತೆಗೆದುಕೊಳ್ಳಿ. ನಮ್ಮಲ್ಲಿ ಆಗಲೇ ನೂರಎಪ್ಪತ್ತು ಪಾರ್ಟ್ ನಂಬರ್ ಇದ್ದವು. ಅಷ್ಟು ಹಾಳೆಗಳ ಹಿಂದೆ ಓಡಲು ನನ್ನೊಬ್ಬನಿಂದ ಆಗಲಿಲ್ಲ.

ವಾಟ್ಸಾಪ್ ಗ್ರೂಪನ್ನು ಯಾರೂ ‘ಸಿಸ್ಟಮ್’ ಅಂತ ಕರೆಯುವುದಿಲ್ಲ, ಆದರೆ ಅರ್ಧ ಮೈಸೂರಿನ ಶಾಪುಗಳು ಓಡುತ್ತಿರುವುದು ಅದರ ಮೇಲೆಯೇ, ಅಲ್ವಾ? ಸುದ್ದಿ ಮುಟ್ಟಿಸಲು ಅದರಷ್ಟು ಚುರುಕಾದದ್ದು ಇಲ್ಲ. ದಾಖಲೆ ಇಡಲು ಅದರಷ್ಟು ಕೆಟ್ಟದ್ದೂ ಇಲ್ಲ. ರೆವ್ ಬಿ, ರೆವ್ ಸಿ ಎರಡೂ ಒಂದೇ ಗ್ರೂಪಿನಲ್ಲಿ, ನಡುವೆ ಯಾರದೋ ಮಗುವಿನ ಹುಟ್ಟುಹಬ್ಬ. ಮೇಲಕ್ಕೆ ತಳ್ಳುತ್ತಾ ಹೋದವನಿಗೆ ಯಾವುದು ಮೊದಲು ಸಿಕ್ಕಿತೋ ಅದೇ ಡ್ರಾಯಿಂಗ್. ಗ್ರಾಹಕರ ಜೊತೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಅದು ಬೇರೆ ತಲೆನೋವು.

ಫೋಲ್ಡರ್ ಮತ್ತು ಎಕ್ಸೆಲ್

ಹೆಚ್ಚಿನವರು ಇಲ್ಲಿದ್ದಾರೆ, ನಾವೂ ಇದ್ದೆವು. ಒಂದು ಕಂಪ್ಯೂಟರಿನಲ್ಲಿ ಶೇರ್ ಮಾಡಿದ ಫೋಲ್ಡರ್, ಅದರ ಮೇಲೆ ಒಂದು ಮಾಸ್ಟರ್ ಎಕ್ಸೆಲ್. ಪಾರ್ಟ್ ನಂಬರ್ ಒಂದು ಕಾಲಂ, ಡ್ರಾಯಿಂಗಿಗೆ ಲಿಂಕ್ ಇನ್ನೊಂದು ಕಾಲಂ, ಪ್ರೋಗ್ರಾಂ, ಗೇಜ್, ಹೀಗೆ. ಇದೂ ಒಂದು ಹೈಪರ್‌ಮೀಡಿಯಾವೇ, ಬಡವರ ಮನೆಯದು. ಹೊಸ ದುಡ್ಡು ಬೇಡ, ಕಲಿಯುವುದೂ ಏನಿಲ್ಲ. ಒಂದು ಮಧ್ಯಾಹ್ನದಲ್ಲಿ ಕಟ್ಟಿಬಿಡಬಹುದು.

ಮುರಿಯುವುದೂ ಅಷ್ಟೇ ಬೇಗ. ಲಿಂಕ್ ತೋರಿಸುವುದು ಫೈಲಿನ ಜಾಗವನ್ನು. ಯಾರೋ ಫೋಲ್ಡರಿನ ಹೆಸರು ಬದಲಾಯಿಸಿದರು ಅಂದರೆ ಅದರೊಳಗಿನ ಲಿಂಕುಗಳೆಲ್ಲ ಸತ್ತವು. ಎಕ್ಸೆಲ್ ಬಾಯಿ ಮುಚ್ಚಿಕೊಂಡಿರುತ್ತದೆ. ಒತ್ತಿ ನೋಡಿದಾಗಲೇ ಗೊತ್ತಾಗುವುದು. ಒಂದು ಕಂಪ್ಯೂಟರಿನಲ್ಲಿ ಆ ಶೇರ್ ‘ಝಡ್’ ಡ್ರೈವ್, ಇನ್ನೊಂದರಲ್ಲಿ ‘ವೈ’ ಡ್ರೈವ್ ಆಗಿದ್ದರೆ ಅಲ್ಲಿ ತೆರೆದದ್ದು ಇಲ್ಲಿ ತೆರೆಯುವುದಿಲ್ಲ. ಇನ್ನು ಹಿಂದಕ್ಕೆ ಹೋಗುವ ಲಿಂಕ್? ಗೇಜ್ ನಂಬರನ್ನು ಕಾಲಂನಲ್ಲಿ ಹುಡುಕಬಹುದು, ಎಲ್ಲರೂ ಅದನ್ನು ಒಂದೇ ರೀತಿ ಬರೆದಿದ್ದರೆ. ನಮ್ಮಲ್ಲಿ ಪಿಜಿ-14, ಪಿಜಿ14, ‘ಪ್ಲಗ್ 14’, ‘ಹಳೇ ಪ್ಲಗ್’ ನಾಲ್ಕೂ ಇದ್ದವು.

ಇದರಲ್ಲೇ ಇರುವವರಿಗೆ ನಾನು ಹೇಳುವುದು ಒಂದೇ. ಫೈಲಿನ ಹೆಸರಿನಲ್ಲಿ ರಿವಿಷನ್ ಹಾಕಬೇಡಿ. ಹೆಸರು ಪಾರ್ಟ್ ನಂಬರ್ ಮಾತ್ರ ಇರಲಿ. ಹೊಸದು ಬಂದಾಗ ಹಳೆಯದನ್ನು ‘ಹಳೆಯವು’ ಎಂಬ ಬೇರೆ ಫೋಲ್ಡರಿಗೆ ಸಾಗಿಸಿ, ಅದೇ ಹೆಸರಿನಲ್ಲಿ ಹೊಸದನ್ನು ಇಡಿ. ಲಿಂಕ್ ಹಾಗೇ ಉಳಿಯುತ್ತದೆ, ಒತ್ತಿದರೆ ಹೊಸದೇ ಬರುತ್ತದೆ. ‘ಫೈನಲ್’, ‘ಫೈನಲ್2’, ‘ಫೈನಲ್ ಓಕೆ’ ಕಾಟವೂ ತಪ್ಪುತ್ತದೆ.

ವಿಕಿ

ನಾವು ಕೊನೆಗೆ ನಿಂತದ್ದು ಇಲ್ಲಿ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ವಿಕಿ ಅಂದರೆ ವಿಕಿಪೀಡಿಯ ಅಲ್ಲ. ಓದುವವರೇ ತಿದ್ದಬಹುದಾದ, ಒಂದಕ್ಕೊಂದು ಲಿಂಕ್ ಆದ ಪುಟಗಳ ಗುಂಪು. ಮೊದಲನೆಯದನ್ನು ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮಾಡಿದರು. ನಮ್ಮ ಕೆಲಸಕ್ಕೆ ಇದು ಹೊಂದುವುದು ಮೂರು ಕಾರಣಕ್ಕೆ. ಪ್ರತಿ ಪುಟದ ಹಳೆಯ ಆವೃತ್ತಿಗಳೆಲ್ಲ ಉಳಿಯುತ್ತವೆ, ಯಾರು ಯಾವಾಗ ಏನು ಬದಲಾಯಿಸಿದರು ಅಂತ ತೋರಿಸುತ್ತದೆ. ಇನ್ನೂ ಬರೆಯದ ಪುಟಕ್ಕೆ ಲಿಂಕ್ ಹಾಕಿದರೆ ಅದು ಬೇರೆ ಬಣ್ಣದಲ್ಲಿ ಕಾಣುತ್ತದೆ, ಏನು ಬಾಕಿ ಇದೆ ಅನ್ನುವ ಪಟ್ಟಿ ತಾನಾಗಿಯೇ ಸಿಕ್ಕಿತು. ಮೂರನೆಯದೇ ಮುಖ್ಯ: ‘ಈ ಪುಟಕ್ಕೆ ಯಾರು ಲಿಂಕ್ ಕೊಟ್ಟಿದ್ದಾರೆ’ ಅಂತ ಒಂದು ಒತ್ತಿಗೆ ತೋರಿಸುತ್ತದೆ. ನೆಲ್ಸನ್ ಕೇಳಿದ ಹಿಂದಕ್ಕೆ ಹೋಗುವ ಲಿಂಕ್ ಇದು. ಪಿಜಿ-14 ಗೇಜಿಗೆ ಒಂದು ಪುಟ ಮಾಡಿದ್ದೇವೆ. ಅದನ್ನು ಬಳಸುವ ಪ್ರತಿ ಪಾರ್ಟಿನ ಪುಟದಿಂದಲೂ ಅಲ್ಲಿಗೆ ಲಿಂಕ್ ಇದೆ. ಗೇಜ್ ಕೆಟ್ಟರೆ ಆ ಪುಟ ತೆರೆದು ಅದಕ್ಕೆ ಲಿಂಕ್ ಕೊಟ್ಟಿರುವ ಪುಟಗಳನ್ನು ನೋಡುವುದು. ಒಂದೂವರೆ ದಿನದ ಕೆಲಸದಲ್ಲಿ ಪಾರ್ಟ್ ಹುಡುಕುವ ಭಾಗ ಅರ್ಧ ನಿಮಿಷಕ್ಕೆ ಇಳಿಯಿತು. ಲಾಟ್ ಹುಡುಕುವುದು ಇನ್ನೂ ರಿಜಿಸ್ಟರ್ ನೋಡಿಯೇ.

ಮೂರು ವಿಕಿ ಹಾಕಿ ನೋಡಿದೆವು, ಮೂರೂ ಪುಕ್ಕಟೆ ಸಿಗುವಂಥವು. ಮೀಡಿಯಾವಿಕಿ ವಿಕಿಪೀಡಿಯವನ್ನೇ ಹೊತ್ತಿರುವ ತಂತ್ರಾಂಶ, ಶಕ್ತಿ ಅಪಾರ. ಆದರೆ ಅದನ್ನು ಕಟ್ಟಿರುವುದೇ ಎಲ್ಲರಿಗೂ ತೆರೆದಿಡಲು. ‘ಈ ಗ್ರಾಹಕರ ಡ್ರಾಯಿಂಗ್ ಇವರು ಮಾತ್ರ ನೋಡಬೇಕು’ ಅನ್ನುವ ಬೇಲಿ ಹಾಕುವುದು ಅದರ ಸ್ವಭಾವಕ್ಕೆ ಒಗ್ಗುವುದಿಲ್ಲ. ಬುಕ್‌ಸ್ಟ್ಯಾಕ್ ನೋಡಲು ಚೆಂದ. ಕಪಾಟು, ಪುಸ್ತಕ, ಅಧ್ಯಾಯ, ಪುಟ ಅಂತ ಜೋಡಣೆ, ವರ್ಡ್‌ನಲ್ಲಿ ಬರೆದಂತೆ ಬರೆಯಬಹುದು. ಸೂಪರ್‌ವೈಸರ್‌ಗಳಿಗೆ ಇದೇ ಹೆಚ್ಚು ಹಿಡಿಸಿತು. ಡೇಟಾಬೇಸ್ ಒಂದು ಬೇಕು, ಅದನ್ನು ನೋಡಿಕೊಳ್ಳುವವರು ಬೇಕು. ಡೋಕುವಿಕಿ 2004ರದ್ದು, ಮುಖ ಸ್ವಲ್ಪ ಹಳೆಯ ಕಾಲದ್ದು. ಆದರೆ ಡೇಟಾಬೇಸೇ ಬೇಡ. ಪ್ರತಿ ಪುಟವೂ ಒಂದು ಸಾದಾ ಟೆಕ್ಸ್ಟ್ ಫೈಲ್. ಬ್ಯಾಕಪ್ ಅಂದರೆ ಒಂದು ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡುವುದು, ಅಷ್ಟೇ. ಯಾರು ಯಾವ ಪುಟ ನೋಡಬಹುದು ಅನ್ನುವ ಬೇಲಿ ಅದರಲ್ಲೇ ಬರುತ್ತದೆ. ಅದೇ ಹೆಸರಿನಲ್ಲಿ ಹೊಸ ಪಿಡಿಎಫ್ ಏರಿಸಿದರೆ ಹಳೆಯದನ್ನು ಪಕ್ಕಕ್ಕೆ ಎತ್ತಿಡುತ್ತದೆ.

ನಾವು ಡೋಕುವಿಕಿ ಹಿಡಿದೆವು. ಆಫೀಸಿನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್, ಅದಕ್ಕೊಂದು ಯುಪಿಎಸ್, ವೈಫೈ ಶಾಪಿನೊಳಗೆ ಮಾತ್ರ. ಇಂಟರ್‌ನೆಟ್ ಹೋದರೂ ನಡೆಯುತ್ತದೆ. ಐಟಿ ಗೊತ್ತಿರುವ ಒಬ್ಬ ಹುಡುಗ ನಿಮ್ಮಲ್ಲಿದ್ದರೆ ಬುಕ್‌ಸ್ಟ್ಯಾಕ್ ತೆಗೆದುಕೊಳ್ಳಿ, ಜನ ಬೇಗ ಒಗ್ಗುತ್ತಾರೆ. ನನ್ನಂತೆ ಎಲ್ಲ ಒಬ್ಬನೇ ಮಾಡುವುದಾದರೆ ಡೋಕುವಿಕಿ.

ಒಂದು ಎಚ್ಚರಿಕೆ. ಮೆಷಿನ್ ಹತ್ತಿರ ಬಳಸುವ ಟ್ಯಾಬ್‌ನ (ಟ್ಯಾಬ್ಲೆಟ್) ಬ್ರೌಸರ್ ಕೆಲವು ಸಲ ತಾನು ಮೊದಲೇ ಇಳಿಸಿಟ್ಟುಕೊಂಡ ಹಳೆಯ ಪಿಡಿಎಫನ್ನೇ ತೋರಿಸಿಬಿಡಬಹುದು. ಪುಟದ ಮೇಲೆ ‘ಈಗ ನಡೆಯುತ್ತಿರುವುದು: ರೆವ್ ಸಿ’ ಅಂತ ದಪ್ಪ ಅಕ್ಷರದಲ್ಲಿ ಬರೆದು, ಡ್ರಾಯಿಂಗಿನ ಮೂಲೆಯಲ್ಲಿರುವುದಕ್ಕೆ ತಾಳೆ ನೋಡುವುದನ್ನು ಆಪರೇಟರ್‌ಗಳಿಗೆ ರೂಢಿ ಮಾಡಿಸಿ.

ಪುಟದಲ್ಲಿ ಏನಿರಬೇಕು ಅನ್ನುವುದು ತಂತ್ರಾಂಶಕ್ಕಿಂತ ದೊಡ್ಡ ಪ್ರಶ್ನೆ. ನಮ್ಮಲ್ಲಿ ಒಬ್ಬ ಹಿರಿಯ ಸೆಟ್ಟರ್ ಇದ್ದಾರೆ, ಎಲ್ಲರಿಗೂ ‘ಅಣ್ಣ’. ಒಂದು ಫಿಕ್ಸ್ಚರಿನಲ್ಲಿ, ಅಂದರೆ ಕೆಲಸದ ತುಂಡನ್ನು ಹಿಡಿದಿಡುವ ಸಾಧನದಲ್ಲಿ, ಬೇರೆಯವರು ಜಾಬ್ ಕಟ್ಟಿದರೆ ಮುಖ ಓರೆ ಬರುತ್ತಿತ್ತು, ಅವರು ಕಟ್ಟಿದರೆ ಇಲ್ಲ. ಪ್ರೋಸೆಸ್ ಶೀಟಿನಲ್ಲಿ ‘ಕ್ಲಾಂಪ್ ಬಿಗಿ ಮಾಡಿ’ ಅಂತ ಮಾತ್ರ ಇತ್ತು. ಒಂದು ದಿನ ಮೊಬೈಲ್ ಹಿಡಿದು ಅವರ ಕೈಯನ್ನೇ ನಲವತ್ತು ಸೆಕೆಂಡ್ ವಿಡಿಯೋ ಮಾಡಿದೆ. ಕ್ಲಾಂಪನ್ನು ಅರ್ಧ ಬಿಗಿ ಮಾಡುತ್ತಾರೆ. ತಾಮ್ರದ ಸುತ್ತಿಗೆಯಲ್ಲಿ ಜಾಬಿನ ಹೆಗಲಿಗೆ ಎರಡು ಸಲ ತಟ್ಟುತ್ತಾರೆ. ಮೊದಲ ಸಲ ‘ಟಣ್’, ಎರಡನೇ ಸಲ ‘ಟಪ್’. ‘ಈ ಟಪ್ ಬಂದರೆ ಕೂತಿದೆ ಅಂತ’ ಅನ್ನುತ್ತಾರೆ, ಆಮೇಲೆ ಪೂರ್ತಿ ಬಿಗಿ. ಆ ವಿಡಿಯೋ ಈಗ ಆ ಫಿಕ್ಸ್ಚರಿನ ಪುಟದಲ್ಲಿದೆ. ಆ ಫಿಕ್ಸ್ಚರ್ ಬಳಸುವ ನಾಲ್ಕು ಪಾರ್ಟುಗಳಿಂದ ಅದಕ್ಕೆ ಲಿಂಕ್. ಹೊಸ ಹುಡುಗರು ಕಿವಿಗೊಟ್ಟು ಕೇಳುತ್ತಾರೆ. ಎಕ್ಸೆಲ್ ಕೋಶದೊಳಗೆ ಆ ‘ಟಪ್’ ಬರೆಯುವುದು ಹೇಗೆ ಹೇಳಿ?

ಕ್ಲೌಡ್ ಆ್ಯಪುಗಳು

ನೋಷನ್, ಗೂಗಲ್ ಸೈಟ್ಸ್ ಥರದವು. ಶುರು ಮಾಡುವುದು ಎಲ್ಲಕ್ಕಿಂತ ಸುಲಭ, ಸರ್ವರ್ ಗೋಜಿಲ್ಲ, ಮನೆಯಿಂದಲೂ ನೋಡಬಹುದು. ಇಂಟರ್‌ನೆಟ್ ನಿಂತರೆ ಡ್ರಾಯಿಂಗೂ ನಿಲ್ಲಬಹುದು. ಗ್ರಾಹಕರ ಡ್ರಾಯಿಂಗ್ ಹೊರಗಿನ ಸರ್ವರಿನಲ್ಲಿ ಇಡಬಹುದೇ ಅಂತ ಒಪ್ಪಂದ ಓದಿ ನೋಡಿ. ತಲೆಗಿಷ್ಟು ಅಂತ ತಿಂಗಳ ಬಾಡಿಗೆ ಇರುವ ಕಡೆ ಎರಡು ಶಿಫ್ಟಿನ ಜನರನ್ನೂ ಲೆಕ್ಕ ಹಾಕಿ. ಐದಾರು ಜನರ ಡಿಸೈನ್ ಆಫೀಸಿಗೆ ಒಳ್ಳೆಯದು, ಶಾಪ್ ಫ್ಲೋರಿಗೆ ನನಗೆ ಮನಸ್ಸು ಒಪ್ಪಲಿಲ್ಲ.

ಇಆರ್‌ಪಿ, ಪಿಎಲ್‌ಎಂ

ಸೀಮೆನ್ಸ್‌ನವರ ಟೀಮ್‌ಸೆಂಟರ್, ಪಿಟಿಸಿಯವರ ವಿಂಡ್‌ಚಿಲ್, ಇವು ದೊಡ್ಡವರ ಮನೆಯ ಪಿಎಲ್‌ಎಂಗಳು, ಅಂದರೆ ಒಂದು ಉತ್ಪನ್ನದ ಡಿಸೈನಿನಿಂದ ಕೊನೆಯವರೆಗಿನ ಮಾಹಿತಿ ಹಿಡಿದಿಡುವ ತಂತ್ರಾಂಶಗಳು. ಈ ಪಾರ್ಟ್ ಎಲ್ಲೆಲ್ಲಿ ಬಳಕೆಯಾಗಿದೆ, ರಿವಿಷನ್ ಬದಲಾದರೆ ಯಾರು ಒಪ್ಪಿಗೆ ಕೊಡಬೇಕು, ಎಲ್ಲ ಅದರ ರಕ್ತದಲ್ಲೇ ಇದೆ. ಸ್ವಂತ ಡಿಸೈನ್ ಇರುವ, ಸಾವಿರಾರು ಪಾರ್ಟ್ ಸೇರಿಸಿ ಒಂದು ಯಂತ್ರ ಕಟ್ಟುವ ಕಂಪನಿಗೆ ಬೇಕೇ ಬೇಕು. ಬೇರೆಯವರ ಡ್ರಾಯಿಂಗಿಗೆ ಜಾಬ್ ಮಾಡಿಕೊಡುವ ನಮಗೆ ಅದು ಸೊಳ್ಳೆ ಹೊಡೆಯಲು ಸುತ್ತಿಗೆ ತಂದಂತೆ.

ಇಆರ್‌ಪಿ ಅಂದರೆ ಸ್ಟೋರ್ಸ್, ಉತ್ಪಾದನೆ, ಬಿಲ್ಲಿಂಗ್ ಎಲ್ಲವನ್ನೂ ಒಂದೇ ಕಡೆ ನೋಡುವ ತಂತ್ರಾಂಶ. ಅದರಲ್ಲಿ ನಡುವಿನ ದಾರಿ ಇಆರ್‌ಪಿನೆಕ್ಸ್ಟ್. ಮುಂಬೈನವರು ಕಟ್ಟಿದ್ದು, ಓಪನ್ ಸೋರ್ಸ್. ಇದರಲ್ಲಿ ಐಟಂ, ಬಿಒಎಂ (ಬೇಕಾದ ಸಾಮಾನಿನ ಪಟ್ಟಿ), ವರ್ಕ್ ಆರ್ಡರ್, ಜಾಬ್ ಕಾರ್ಡ್, ಕ್ವಾಲಿಟಿ ಇನ್‌ಸ್ಪೆಕ್ಷನ್ ಎಲ್ಲವೂ ಲಿಂಕ್ ಆದ ಪುಟಗಳೇ. ಒಂದು ಐಟಂ ತೆರೆದರೆ ಅದಕ್ಕೆ ಸೇರಿದ ಬೇರೆ ದಾಖಲೆಗಳ ಎಳೆ ಕಾಣುತ್ತದೆ. ವಿಕಿ ಸೋಲುವ ಜಾಗದಲ್ಲಿ ಇದು ಗೆಲ್ಲುತ್ತದೆ. ‘ಯಾವ ಲಾಟ್ ಯಾವತ್ತು ಹೋಯಿತು’ ಅನ್ನುವುದು ದಿನವೂ ಹುಟ್ಟುವ ದಾಖಲೆ, ಅದನ್ನು ವಿಕಿ ಪುಟದಲ್ಲಿ ಬರೆಯುತ್ತಾ ಕೂರಲಾಗುವುದಿಲ್ಲ. ಆದರೆ ಅಣ್ಣನ ಸುತ್ತಿಗೆಗೆ ಅಲ್ಲಿ ಜಾಗ ಹುಡುಕಬೇಕು. ನನ್ನ ಅಭಿಪ್ರಾಯ: ಸ್ಟೋರ್ಸ್, ಬಿಲ್ಲಿಂಗ್ ಹೇಗೂ ಗೊಂದಲದಲ್ಲಿದ್ದರೆ ಇಆರ್‌ಪಿಯಿಂದ ಶುರು ಮಾಡಿ. ಅವು ಸರಿಯಿದ್ದು ತಪ್ಪು ಆಗುತ್ತಿರುವುದು ಮೆಷಿನ್ ಮುಂದೆ ಮಾತ್ರ ಆಗಿದ್ದರೆ ವಿಕಿಯಿಂದ.

ರಕ್ಷಣಾ ಇಲಾಖೆಗೆ, ವಿಮಾನ ಕಂಪನಿಗಳಿಗೆ ಪೂರೈಸುವವರಿಗೆ ಎಸ್1000ಡಿ ಥರದ ಮಾನದಂಡದಲ್ಲಿ ದಾಖಲೆ ಕೇಳಬಹುದು. ಮಾಹಿತಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಲಿಂಕ್ ಮಾಡುವ ಕ್ರಮ ಅದು. ಕೇಳದೆ ಆ ದಾರಿಗೆ ಹೋಗಬೇಡಿ.

ಕನ್ನಡದ ಒಂದು ಗಂಟು

ನಮ್ಮ ಹಳೆಯ ಪ್ರೋಸೆಸ್ ಶೀಟುಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು. ಯುನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಕೀಲಿಗಳ ಚಿಹ್ನೆಗಳು, ಫಾಂಟ್ ಅವನ್ನು ಕನ್ನಡದಂತೆ ತೋರಿಸುತ್ತದೆ. ಟ್ಯಾಬ್‌ನಲ್ಲಿ ತೆರೆದರೆ ಕೋಳಿ ಕೆದಕಿದಂತೆ ಕಾಣುತ್ತದೆ. ‘ಕೂಲೆಂಟ್’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಯಾವ ವ್ಯವಸ್ಥೆ ಆರಿಸಿದರೂ ಮೊದಲು ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಸಿಗುತ್ತವೆ, ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಪುಟದ ವಿಳಾಸ ಮಾತ್ರ ಪಾರ್ಟ್ ನಂಬರೇ ಇರಲಿ. ಕನ್ನಡದಲ್ಲಿ ವಿಳಾಸ ಇಟ್ಟರೆ ಕಾಪಿ ಮಾಡಿದಾಗ ಶೇಕಡಾ ಚಿಹ್ನೆಗಳ ಬಾಲ ಬೆಳೆಯುತ್ತದೆ.

ಮೆಷಿನ್ ಮತ್ತು ಪುಟದ ನಡುವೆ

ಕ್ಯೂಆರ್ ಕೋಡ್ ಹುಟ್ಟಿದ್ದೇ ಕಾರ್ಖಾನೆಗೆ, ಚಹಾ ಅಂಗಡಿಯಲ್ಲಿ ದುಡ್ಡು ಕೊಡಲು ಅಲ್ಲ. 1994ರಲ್ಲಿ ಜಪಾನಿನ ಡೆನ್ಸೋ ಗುಂಪಿನವರು ಗಾಡಿ ಬಿಡಿಭಾಗಗಳ ಜಾಡು ಹಿಡಿಯಲು ಮಾಡಿದ್ದು. ನಾವು ಪ್ರತಿ ಫಿಕ್ಸ್ಚರ್, ಗೇಜ್ ಡಬ್ಬಿ, ಮೆಷಿನ್ ಮೇಲೆ ಒಂದೊಂದು ಅಂಟಿಸಿದ್ದೇವೆ. ಟ್ಯಾಬ್ ಹಿಡಿದರೆ ಪುಟ ತೆರೆಯುತ್ತದೆ. ಕೋಡಿನಲ್ಲಿ ಇರಬೇಕಾದದ್ದು ಪುಟದ ವಿಳಾಸ, ಪಿಡಿಎಫ್ ಫೈಲಿನದ್ದಲ್ಲ. ಪುಟ ಬದಲಾಗುತ್ತಿರಲಿ, ಸ್ಟಿಕ್ಕರ್ ಬದಲಾಗಬಾರದು.

ಕ್ಯೂಆರ್‌ನಲ್ಲಿ ತಪ್ಪು ತಿದ್ದಿಕೊಳ್ಳುವ ನಾಲ್ಕು ಮಟ್ಟ ಇವೆ. ಎಲ್ ಮಟ್ಟದಲ್ಲಿ ಸುಮಾರು ಶೇ. 7 ಹಾಳಾದರೂ ಓದುತ್ತದೆ, ಎಚ್ ಮಟ್ಟದಲ್ಲಿ ಸುಮಾರು ಶೇ. 30. ಶಾಪಿಗೆ ಎಚ್ ಮಟ್ಟದಲ್ಲೇ ಮುದ್ರಿಸಿ. ಚೌಕಗಳು ಜಾಸ್ತಿಯಾಗುತ್ತವೆ, ಹಾಗಾಗಿ ಸ್ಟಿಕ್ಕರ್ ಸ್ವಲ್ಪ ದೊಡ್ಡದಿರಲಿ. ಕಾಗದದ ಸ್ಟಿಕ್ಕರ್ ಕೂಲೆಂಟಿಗೆ ಎರಡು ವಾರ ತಡೆಯಲಿಲ್ಲ. ಪಾಲಿಯೆಸ್ಟರಿನದ್ದು ನಿಂತಿತು. ಗೇಜ್ ಡಬ್ಬಿಗಳಿಗೆ ಅಲ್ಯೂಮಿನಿಯಂ ತಗಡಿನ ಮೇಲೆ ಲೇಸರಿನಲ್ಲಿ ಕೆತ್ತಿಸಿದೆವು.

ಎಲ್ಲ ಪಾರ್ಟುಗಳನ್ನೂ ಒಟ್ಟಿಗೆ ಏರಿಸಲು ಹೋಗಬೇಡಿ. ನಾವು ಮೂರನೇ ನಂಬರ್ ವಿಎಂಸಿಯ ಏಳು ಪಾರ್ಟಿನಿಂದ ಶುರು ಮಾಡಿದೆವು, ಆ 25 ಮಿ.ಮೀ. ಬೋರಿನದ್ದೇ ಮೊದಲು. ಆ ಮೆಷಿನ್ನಿನ ಪ್ಲಾಸ್ಟಿಕ್ ಕವರನ್ನು ಪಾಂಡವಪುರದ ಹುಡುಗನೇ ಕಿತ್ತು ಬಿಸಾಕಿದ. ಈಗ ಆ ಪುಟಗಳನ್ನು ತಿದ್ದುವವನೂ ಅವನೇ, ನನಗೆ ಒಪ್ಪಿಗೆ ಒತ್ತುವ ಕೆಲಸ ಮಾತ್ರ.

ಎಚ್ ಮಟ್ಟಕ್ಕೂ ಸೋಲು ಇದೆ ಅಂತ ಮೊದಲ ವರ್ಷದ ಆಯುಧಪೂಜೆಯಲ್ಲಿ ಗೊತ್ತಾಯಿತು. ಮೆಷಿನ್ ತೊಳೆದು, ಹೂ ಏರಿಸಿ, ವಿಭೂತಿ ಪಟ್ಟೆ ಎಳೆದು ನಡುವೆ ಕುಂಕುಮ ಇಟ್ಟಿದ್ದರು, ಬೆಳ್ಳಗೆ ಚೌಕಾಕಾರವಾಗಿ ಚೆಂದ ಕಂಡ ಜಾಗದಲ್ಲೇ. ದಸರಾ ಮುಗಿಸಿ ಬಂದ ದಿನ ಒಂಬತ್ತು ಮೆಷಿನ್ನುಗಳಲ್ಲಿ ಆರು ಓದಲಿಲ್ಲ. ಕಳೆದ ವರ್ಷ ಪೂಜೆಗೆ ಮೊದಲೇ ಸ್ಟಿಕ್ಕರುಗಳನ್ನು ಒಂದು ಗೇಣು ಪಕ್ಕಕ್ಕೆ ಅಂಟಿಸಿದೆವು, ಕುಂಕುಮಕ್ಕೆ ಜಾಗ ಬಿಟ್ಟು.